ಬೆಳಕಿಂಡಿಯೂ ಅದರ ಹಗ್ಗವೂ

ಆಷಾಢದ ಒಂದು ಮಧ್ಯಾಹ್ನ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ನೋಡಬೇಕು. ಗಡಿಯಾರದಲ್ಲಿ ಹನ್ನೆರಡು ಗಂಟೆಯಾಗಿದ್ದರೂ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ದೀಪ ಉರಿಯುತ್ತಿರುತ್ತದೆ. ಚಾರ್ಮಾಡಿ ಘಾಟಿಯ ಕಡೆಯಿಂದ ಮೇಲೇರಿ ಬಂದ ಮೋಡ ರಸ್ತೆಯ ಮೇಲೆಯೇ ಕುಳಿತಿರುತ್ತದೆ. ಮಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿಗೆ ಘಟ್ಟ ಹತ್ತಿ ಮುಗಿಸಿ ಮೂಡಿಗೆರೆಯತ್ತ ಹೊರಳುತ್ತದೆ. ಇನ್ನೊಂದು ದಾರಿ ಕಳಸ, ಹೊರನಾಡು, ಕುದುರೆಮುಖದ ಕಡೆಗೆ ಕವಲೊಡೆಯುತ್ತದೆ. ಹೇಮಾವತಿ ಹುಟ್ಟುವ ಜಾವಳಿ ಇಲ್ಲಿಂದ ದೂರವಿಲ್ಲ. ಅರಬ್ಬೀ ಸಮುದ್ರದ ಮುಂಗಾರು ಘಟ್ಟಕ್ಕೆ ಬಡಿದು ಮೊದಲು ಸುರಿಯುವ ಜಾಗಗಳಲ್ಲಿ ಇದೂ ಒಂದು. ಹೊರಗೇ ಇಷ್ಟು ಮಬ್ಬಾದರೆ ಮನೆಯೊಳಗಿನ ಕತ್ತಲೆ ಹೇಗಿರಬಹುದು?

ಈ ಸೀಮೆಯ ಒಂದು ಹಂಚಿನ ಮನೆಯಲ್ಲಿ ನನ್ನ ಬಾಲ್ಯ ಕಳೆಯಿತು. ನಮ್ಮ ಅಡುಗೆಮನೆಯ ಮಾಡಿನಲ್ಲಿ, ನೆಲದಿಂದ ಹದಿನಾಲ್ಕು ಅಡಿ ಎತ್ತರದಲ್ಲಿ, ಒಂದೂವರೆ ಅಡಿ ಚೌಕದ ಬೆಳಕಿಂಡಿಯೊಂದಿತ್ತು. ಅದಕ್ಕೆ ತಗಡು ಹೊದಿಸಿದ ಮರದ ಮುಚ್ಚಳ. ಮುಚ್ಚಳಕ್ಕೆ ಕಟ್ಟಿದ ಹಗ್ಗ ಒಂದು ಸಣ್ಣ ರಾಟೆಯ ಮೇಲೆ ಹಾದು ಗೋಡೆಯ ಗೂಟಕ್ಕೆ ಬರುತ್ತಿತ್ತು. ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಅಜ್ಜಿ ಹಗ್ಗ ಎಳೆಯುತ್ತಿದ್ದಳು. ಹೊಗೆ ಮೇಲಕ್ಕೆ ಹೋಗುತ್ತಿತ್ತು, ಬೆಳಕು ಕೆಳಕ್ಕೆ ಬರುತ್ತಿತ್ತು. ಜೋರು ಮಳೆ ಬಂದರೆ ಹಗ್ಗ ಬಿಡುತ್ತಿದ್ದಳು. ನಾನು ಆರನೆಯ ತರಗತಿಯಲ್ಲಿದ್ದ ವರ್ಷದ ಮಳೆಗಾಲದಲ್ಲಿ ಆ ಹಗ್ಗ ಹೊಗೆ ಮತ್ತು ತೇವಕ್ಕೆ ಕೊಳೆತು ಹರಿದುಹೋಯಿತು. ಎರಡು ದಿನ ಅಡುಗೆಮನೆ ಹೊಗೆಯಲ್ಲಿ ಮುಳುಗಿತು. ಮೂರನೆಯ ದಿನ ಮಳೆ ಹೊಳವಾದಾಗ ಚಿಕ್ಕಪ್ಪ ಹೊಸ ಹಗ್ಗ ಕಟ್ಟಲು ಮಾಡು ಹತ್ತಿದರು. ಪಾಚಿ ಹಿಡಿದ ಹಂಚಿನ ಮೇಲೆ ಕಾಲು ಜಾರಿತು. ಬಿದ್ದವರು ಬದುಕಿದರು, ಆದರೆ ಮುಂದಿನ ಇಪ್ಪತ್ತೆರಡು ವರ್ಷ ಊರುಗೋಲಿಲ್ಲದೆ ನಡೆಯಲಿಲ್ಲ.

ಮನೆಗಳ ಚರಿತ್ರೆ ಓದುವಾಗಲೆಲ್ಲ ನನಗೆ ಆ ಹಗ್ಗ ನೆನಪಾಗುತ್ತದೆ. ಮಾಡಿನಲ್ಲಿ ತೂತು ಮಾಡುವುದನ್ನು ಮನುಷ್ಯ ಬಹಳ ಹಿಂದೆಯೇ ಕಲಿತ. ನೆಲದ ಮೇಲೆ ನಿಂತೇ ಅದನ್ನು ತೆರೆದು ಮುಚ್ಚುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಬೆಳಕಿಂಡಿಯ ಚರಿತ್ರೆಯಲ್ಲಿ ಹೆಚ್ಚಿನವರು ಬರೆಯುವುದು ಮೊದಲನೆಯದನ್ನು. ಈ ಲೇಖನ ಎರಡನೆಯದರ ಬಗ್ಗೆ.

ಬೆಳಕು ನೆತ್ತಿಯಿಂದಲೇ ಏಕೆ?

ಸಂಸ್ಕೃತದ 'ಗವಾಕ್ಷ' ಎಂದರೆ ಹಸುವಿನ ಕಣ್ಣು. ಅದು ನಮ್ಮಲ್ಲಿ ಗವಾಕ್ಷಿಯಾಯಿತು. ಅದಕ್ಕಿಂತ ನೇರವಾದದ್ದು ಕನ್ನಡದ್ದೇ ಆದ 'ಬೆಳಕಿಂಡಿ'. ಬೆಳಕು ಬರುವ ಕಿಂಡಿ; ಅಷ್ಟೇ. ಕಿಟಕಿಯಂತೆ ಅದು ನೋಟಕ್ಕಾಗಿ ಇರುವುದಲ್ಲ. ಅದರಲ್ಲಿ ಯಾರೂ ಹಣಕಿ ನೋಡುವುದಿಲ್ಲ, ಯಾರನ್ನೂ ಕರೆಯುವುದಿಲ್ಲ.

ಮಲೆನಾಡಿನ ಮನೆಗೆ ಗೋಡೆಯಲ್ಲಿ ದೊಡ್ಡ ಕಿಟಕಿಗಳಿಡುವ ಅನುಕೂಲವಿರಲಿಲ್ಲ. ಇಲ್ಲಿನ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಮಣ್ಣಿನ ಗೋಡೆ ನೆನೆದರೆ ಮನೆಯೇ ಕೂರುತ್ತದೆ. ಆದ್ದರಿಂದ ಸೂರನ್ನು ಆಳೆತ್ತರಕ್ಕೂ ತಗ್ಗಿಸಿ ಇಳಿಬಿಟ್ಟರು. ಹಳೆಯ ಮನೆಗಳ ಜಗಲಿಗೆ ತಲೆ ಬಗ್ಗಿಸಿಯೇ ಹತ್ತಬೇಕಾಗಿದ್ದುದು ಇದೇ ಕಾರಣಕ್ಕೆ. ಸೂರು ತಗ್ಗಿದಷ್ಟೂ ಗೋಡೆ ಉಳಿಯಿತು, ಬೆಳಕು ಹೋಯಿತು. ಕಾಡುಪ್ರಾಣಿ, ಕಳ್ಳಕಾಕರ ಭಯವೂ ಕಿಟಕಿಯನ್ನು ಕಿರಿದು ಮಾಡಿತು. ಉಳಿದ ದಾರಿ ಒಂದೇ, ನೆತ್ತಿ.

ಇದಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ. ಆಕಾಶ ಪೂರ್ತಿಯಾಗಿ ಮೋಡ ಕವಿದಿರುವಾಗ ನೆತ್ತಿಯ ಭಾಗ ದಿಗಂತದ ಅಂಚಿಗಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆ. ಹೀಗಾಗಿ ಮಬ್ಬುದಿನದಲ್ಲಿ ಮಾಡಿನ ಒಂದು ಅಡಿ ಕಿಂಡಿ, ಮರಗಳ ನೆರಳಿನಲ್ಲಿ, ಸೂರಿನಡಿಯಲ್ಲಿ ಅವಿತ ಗೋಡೆಯ ಕಿಟಕಿಗಿಂತ ಹೆಚ್ಚಿನ ಬೆಳಕು ಕೊಡುತ್ತದೆ. ವರ್ಷದ ನಾಲ್ಕೈದು ತಿಂಗಳು ಸೂರ್ಯನನ್ನು ಸರಿಯಾಗಿ ಕಾಣದ ಕೊಟ್ಟಿಗೆಹಾರ, ಬಾಳೂರು, ಕಳಸದ ಜನ ಈ ಲೆಕ್ಕವನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಉಳ್ಳವರ ಮನೆಯಲ್ಲಿ ಇದಕ್ಕೆ ಉತ್ತರ ತೊಟ್ಟಿ. ತೊಟ್ಟಿಮನೆಯ ನಡುವಿನ ತೆರೆದ ಚೌಕ ಒಂದು ದೊಡ್ಡ ಬೆಳಕಿಂಡಿಯೇ. ಅದಕ್ಕೆ ಮುಚ್ಚಳವಿಲ್ಲ, ಮಳೆಯನ್ನು ಒಳಗೇ ಬೀಳಿಸಿಕೊಂಡು ಚರಂಡಿಯಲ್ಲಿ ಹೊರಗೆ ಕಳಿಸುವ ಏರ್ಪಾಡು. ರೋಮ್ ನಗರದ ಪ್ಯಾಂಥಿಯನ್ ದೇವಾಲಯವೂ ಇದೇ ತತ್ವದ್ದು. ಕ್ರಿ.ಶ. 126ರ ಸುಮಾರಿಗೆ ಮುಗಿದ ಆ ಕಟ್ಟಡದ ಗುಮ್ಮಟದ ನೆತ್ತಿಯಲ್ಲಿ, ನೆಲದಿಂದ 43 ಮೀಟರ್ ಎತ್ತರದಲ್ಲಿ, ಎಂಟು ಮೀಟರಿಗೂ ಹೆಚ್ಚು ಅಗಲದ ದುಂಡನೆಯ ರಂಧ್ರವಿದೆ. ಇಂದಿಗೂ ಅದಕ್ಕೆ ಮುಚ್ಚಳವಿಲ್ಲ. ಮಳೆ ಒಳಗೆ ಬೀಳುತ್ತದೆ, ನೆಲದ ತೂತುಗಳಲ್ಲಿ ಹರಿದು ಹೋಗುತ್ತದೆ. ತಲುಪಲಾಗದ ಕಿಂಡಿಯನ್ನು ತೆರೆಯುವ ಸಮಸ್ಯೆಗೆ ಅದನ್ನು ಮುಚ್ಚದೇ ಇರುವುದೇ ಒಂದು ಪರಿಹಾರ. ಆದರೆ ಅದು ದೇವಸ್ಥಾನಕ್ಕೆ, ಹತ್ತಾರು ಅಂಕಣದ ಮನೆಗೆ ಸರಿ. ಎರಡು ಅಂಕಣದ ಮನೆಯವರು ಒಲೆಯ ಮೇಲೆ ಮಳೆ ಬೀಳಿಸಿಕೊಂಡು ಅನ್ನ ಬೇಯಿಸಲಾರರು. ಬಡವರ ಬೆಳಕಿಂಡಿಗೆ ಮುಚ್ಚಳ ಬೇಕು. ಮುಚ್ಚಳ ಬಂದ ಕೂಡಲೇ, ಅದನ್ನು ತೆರೆಯುವವರು ಯಾರು ಎಂಬ ಪ್ರಶ್ನೆಯೂ ಬಂದಿತು.

ಮಾಳಿಗೆಯ ಮೇಲಿನ ಮಡಕೆ

ಘಟ್ಟದಿಂದ ಸ್ವಲ್ಪ ಹೊತ್ತು ಬಯಲುಸೀಮೆಗೆ ಹೋಗೋಣ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಪ್ರಶ್ನೆಯ ಅತ್ಯಂತ ಸರಳವಾದ ರೂಪ ಕಾಣಸಿಗುತ್ತದೆ. ಅಲ್ಲಿ ಚಪ್ಪಟೆ ಮಾಳಿಗೆಯಲ್ಲಿ ದುಂಡನೆಯ ಗವಾಕ್ಷಿ ಬಿಡುತ್ತಿದ್ದರು. ಅಡುಗೆಮನೆಯ ನೆಲದ ಮೇಲೆ ಬಿಸಿಲಿನ ಬಿಲ್ಲೆ ಬೀಳುತ್ತಿತ್ತು. ಅದು ಸರಿದಂತೆ ಹೆಂಗಸರು ಹೊತ್ತು ತಿಳಿಯುತ್ತಿದ್ದರು. ಮಳೆ ಹನಿ ಬಿದ್ದರೆ ಮನೆಯ ಹುಡುಗನೊಬ್ಬ ಏಣಿ ಹತ್ತಿ ಓಡಿಹೋಗಿ ಕಿಂಡಿಯ ಮೇಲೆ ಮಡಕೆಯನ್ನೋ ಕಲ್ಲುಚಪ್ಪಡಿಯನ್ನೋ ಮುಚ್ಚಬೇಕು. ಮಳೆ ನಿಂತ ಮೇಲೆ ಮತ್ತೆ ಹತ್ತಿ ತೆಗೆಯಬೇಕು.

ಇಲ್ಲಿ ಹಿಡಿಕೆ ಇರುವುದು ಹೊರಗೆ, ಮೇಲುಗಡೆ. ಬೆಳಕು ಬೇಕಾದವರು ಇರುವುದು ಒಳಗೆ, ಕೆಳಗಡೆ. ಮಳೆ ಕಡಿಮೆಯಾದ, ಮಾಳಿಗೆ ಸಮತಟ್ಟಾದ ಊರಿನಲ್ಲಿ ಈ ಏರ್ಪಾಡು ನಡೆಯಿತು. ಮನೆ ಮನೆಯ ಮಾಳಿಗೆ ಒಂದಕ್ಕೊಂದು ಕೂಡಿದ್ದರಿಂದ ಪಕ್ಕದ ಮನೆಯವರೇ ಮಡಕೆ ಮುಚ್ಚಿ ಉಪಕಾರ ಮಾಡಿದ್ದೂ ಉಂಟು. ಆದರೆ ಚೂಪು ಇಳಿಜಾರಿನ ಮಾಡು, ತಿಂಗಳುಗಟ್ಟಲೆ ಬಿಡದ ಮಳೆ ಇರುವ ಮಲೆನಾಡಿನಲ್ಲಿ ಇದು ಸಾಧ್ಯವಿರಲಿಲ್ಲ.

ಇಲ್ಲಿನ ಹಳೆಯ ಮನೆಗಳಿಗೆ ಹುಲ್ಲು ಅಥವಾ ಅಡಿಕೆ ಸೋಗೆಯ ಹೊದಿಕೆ. ಸೋಗೆಯ ಮಾಡು ಹೊಗೆಯನ್ನು ತಾನೇ ಸೋಸಿ ಹೊರಗೆ ಬಿಡುತ್ತಿತ್ತು. ಮಳೆಗಾಲದ ಮುಂಜಾನೆ ಇಡೀ ಮನೆಯೇ ಹೊಗೆಯಾಡುವಂತೆ ಕಾಣುತ್ತಿತ್ತು. ಆ ಹೊಗೆಯಿಂದ ಸೋಗೆಗೆ ಹುಳ ಹಿಡಿಯುತ್ತಿರಲಿಲ್ಲ, ಅಟ್ಟದ ಮೇಲಿನ ಅಡಿಕೆ, ಬೀಜದ ಭತ್ತ ಬೂಷ್ಟು ಹಿಡಿಯುತ್ತಿರಲಿಲ್ಲ. ಹೊಗೆ ಹೋಯಿತು, ಬೆಳಕು ಮಾತ್ರ ಬರಲಿಲ್ಲ. ಆಮೇಲೆ ಬಂದದ್ದು ಕುಂಬಾರರು ಮಾಡಿದ ನಾಡಹಂಚು. ಅರ್ಧ ಬಿದಿರಿನಂತೆ ಬಾಗಿದ ಈ ಹಂಚುಗಳನ್ನು ಒಂದರ ಮೇಲೊಂದು ಪದರವಾಗಿ ಹೊದಿಸುತ್ತಿದ್ದರು. ಒಂದನ್ನು ಅಲ್ಲಾಡಿಸಿದರೆ ಹತ್ತು ಜಾರುತ್ತಿದ್ದವು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು.

ಜೆಪ್ಪುವಿನಿಂದ ಬಂದ ಹಂಚು

ಈ ಸ್ಥಿತಿಯನ್ನು ಬದಲಿಸಿದ್ದು ಘಟ್ಟದ ಕೆಳಗಿನ ಒಂದು ಕಾರ್ಖಾನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುದ್ರಣಾಲಯ, ನೇಯ್ಗೆಯ ನಂತರ ಅವರು ಕೈಹಾಕಿದ ಮುಖ್ಯ ಉದ್ಯಮ ಹಂಚು. 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ತಂತ್ರಜ್ಞ, ನೇತ್ರಾವತಿಯ ದಡದ ಜೇಡಿಮಣ್ಣನ್ನು ಬಳಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಅಂಚಿಗೆ ಅಂಚು ಕಚ್ಚಿಕೊಳ್ಳುವ ಇಂಥ ಹಂಚಿಗೆ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲೇ ಹಕ್ಕುಪತ್ರ ಪಡೆದಿದ್ದರು. ಮಂಗಳೂರಿನಲ್ಲಿ ಅದು ಹೊಸ ನೆಲ ಕಂಡಿತು. ಸ್ಥಳೀಯ ಉದ್ಯಮಿಗಳೂ ಬೇಗನೆ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಉದ್ಯಮಗಳು ಅದರ ಕೈತಪ್ಪಿದವು. ಹಂಚಿನ ಹೆಸರು ಮಾತ್ರ ಊರಿನ ಹೆಸರಿನೊಂದಿಗೆ ಗಟ್ಟಿಯಾಯಿತು.

ಮೂಡಿಗೆರೆ ಸೀಮೆಯ ಕಾಫಿ ಸಂಸ್ಕರಣೆಗಾಗಿ ಗಾಡಿಯೇರಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲ ಅದು. ಕರಾವಳಿಯ ಉಪ್ಪು, ಒಣಮೀನು ಮೇಲಕ್ಕೆ ಬರುತ್ತಿದ್ದ ಘಟ್ಟದ ದಾರಿಗಳಲ್ಲೇ ಮಂಗಳೂರು ಹಂಚೂ ಹತ್ತಿ ಬಂತು. ಮೊದಲು ತೋಟದ ಬಂಗಲೆಗಳಿಗೆ, ಅನಂತರ ಪಟೇಲರ ಮನೆಗಳಿಗೆ, ಕ್ರಮೇಣ ಉಳಿದವರಿಗೆ.

ಬೆಳಕಿಂಡಿಯ ದೃಷ್ಟಿಯಿಂದ ಈ ಹಂಚಿನ ಮಹತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೊಂದು ಹಂಚು ಎರಡು, ಎರಡೂವರೆ ಕಿಲೋ ತೂಗುತ್ತದೆ. ಹಿಂಬದಿಯ ಗುಬ್ಬಿಗಳಿಂದ ರೀಪಿಗೆ ತೂಗುಬಿದ್ದಿರುತ್ತದೆ, ಅಷ್ಟೇ, ಮೊಳೆಯಿಲ್ಲ, ಗಾರೆಯಿಲ್ಲ. ಅಟ್ಟದ ಮೇಲೆ ನಿಂತು ಒಂದು ಹಂಚನ್ನು ಒಳಗಿನಿಂದಲೇ ಮೇಲಕ್ಕೆತ್ತಿ ಸರಿಸಬಹುದು. ಮತ್ತೆ ಎಳೆದು ಕೂರಿಸಬಹುದು. ಅಂದರೆ ಮಾಡಿನ ಯಾವ ಜಾಗವನ್ನಾದರೂ ಬೇಕೆಂದಾಗ ಬೆಳಕಿಂಡಿಯಾಗಿಸಬಹುದು. ಈ ಅನುಕೂಲವನ್ನು ಕಳ್ಳರೂ ಬೇಗ ಅರಿತರು. ಹಂಚು ತೆಗೆದು ಒಳನುಗ್ಗಿದರೆಂಬ ಸುದ್ದಿ ನಮ್ಮ ಪತ್ರಿಕೆಗಳಿಗೆ ಇಂದಿಗೂ ಹೊಸದಲ್ಲ.

ಇದರ ಬೆನ್ನಿಗೇ ಬಂದದ್ದು ಗಾಜಿನ ಹಂಚು. ಮಣ್ಣಿನ ಹಂಚಿನದೇ ಅಳತೆ, ಅದೇ ಕಚ್ಚು. ಹೀಗಾಗಿ ಒಂದು ಹಂಚನ್ನು ತೆಗೆದು ಆ ಜಾಗದಲ್ಲಿ ಇದನ್ನಿಟ್ಟರೆ ಮುಗಿಯಿತು. ಬಡಗಿ ಬೇಡ, ರಂಧ್ರ ಕೊರೆಯುವುದು ಬೇಡ, ಹಗ್ಗ ಬೇಡ, ಮಳೆಗೆ ಮುಚ್ಚುವುದು ಬೇಡ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ದೇವರ ಕೋಣೆಯ ಮೇಲೊಂದು, ಬಚ್ಚಲಿನ ಮೇಲೊಂದು, ಒಲೆಯ ಮೇಲೆರಡು ಗಾಜಿನ ಹಂಚುಗಳಿರುತ್ತಿದ್ದವು. ಮಗ್ಗುಲ ಕೋಣೆಯ ಕತ್ತಲೆಯಲ್ಲಿ ಹುಟ್ಟಿದ ಮಕ್ಕಳು ಮೊದಲು ಕಂಡ ಆಕಾಶ ಆ ಹಸಿರು ಛಾಯೆಯ ಗಾಜಿನದು. ಬೆಳಕನ್ನು ಸಾಮಾನ್ಯರ ಮನೆಗೆ ತಂದುದರಲ್ಲಿ ಈ ಹಂಚಿನ ಪಾಲನ್ನು ನಾವು ಮರೆಯುವಂತಿಲ್ಲ.

ಆದರೆ ಗಾಜಿನ ಹಂಚು ಅರ್ಧ ಉತ್ತರ. ಅದು ಬೆಳಕು ತಂದಿತು, ಗಾಳಿ ತರಲಿಲ್ಲ, ಹೊಗೆಯನ್ನು ಕಳಿಸಲಿಲ್ಲ. ಒಲೆಯ ಮೇಲಿನ ಗಾಜಿಗೆ ಒಂದೆರಡು ವರ್ಷದಲ್ಲಿ ಮಸಿ ಕಟ್ಟಿ ಅದೂ ಮಣ್ಣಿನ ಹಂಚಿನಂತೆಯೇ ಆಗುತ್ತಿತ್ತು. ಹೊರಗಡೆ ಪಾಚಿ, ಒಳಗಡೆ ಮಸಿ. ಒರೆಸಬೇಕಾದರೆ ಮತ್ತೆ ಯಾರಾದರೂ ಹತ್ತಲೇಬೇಕು.

ಪ್ಲೇಗಿನ ವರ್ಷಗಳು

ಬೆಳಕು ಮತ್ತು ಗಾಳಿ ಸೌಕರ್ಯದ ವಿಷಯವಲ್ಲ, ಜೀವದ ವಿಷಯ ಎಂದು ಸರಕಾರಗಳಿಗೆ ಮನದಟ್ಟಾದದ್ದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರು ತಲುಪಿತು. ಮುಂಬಯಿಯಲ್ಲಿ ಅಧಿಕಾರಿಗಳು ಕತ್ತಲೆ ಮನೆಗಳ ಮಾಡಿನ ಹಂಚುಗಳನ್ನೇ ತೆಗೆಸಿ ಬಿಸಿಲು ಬೀಳುವಂತೆ ಮಾಡಿದರು. ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಬಿಸಿಲು, ಗಾಳಿ ಇಲ್ಲದ ಮನೆಯೇ ರೋಗದ ಮೂಲವೆಂಬ ನಂಬಿಕೆ ಬಲವಾಗಿತ್ತು. ಬಡವರ ಪಾಲಿಗೆ ಅದೊಂದು ಬಲವಂತದ ಬೆಳಕಿಂಡಿ. ತಲೆಯ ಮೇಲಿನ ಹೊದಿಕೆಯನ್ನೇ ಕಿತ್ತ ಆ ಕ್ರಮಕ್ಕೆ ಜನ ಸಹಜವಾಗಿಯೇ ಕೆರಳಿದರು.

ಆದರೆ ಆ ಭಯದಿಂದ ಉಳಿದುಕೊಂಡ ಒಳ್ಳೆಯದೂ ಇದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ವರ್ಷಗಳಲ್ಲಿ. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಕೋಣೆಗೆ ಇಷ್ಟು ಗಾಳಿಕಿಂಡಿ ಇರಲೇಬೇಕೆಂಬ ವಿಚಾರ ಮನೆ ಕಟ್ಟುವವರ ಮನಸ್ಸಿನಲ್ಲಿ ನಿಂತಿತು. ಬಾಗಿಲಿನ ಮೇಲೆ, ಛಾವಣಿಯ ಹತ್ತಿರ, ನಡುವಿನ ಕೀಲಿನ ಮೇಲೆ ತಿರುಗುವ ವೆಂಟಿಲೇಟರುಗಳು ಬಂದವು. ಅವುಗಳಿಗೆ ಎರಡು ಹಗ್ಗ, ಒಂದು ತೆರೆಯಲು, ಇನ್ನೊಂದು ಮುಚ್ಚಲು. ಹಳೆಯ ಶಾಲೆ, ಕಚೇರಿ, ಪ್ರವಾಸಿ ಬಂಗಲೆಗಳಲ್ಲಿ ಈ ಹಗ್ಗಗಳು ಜೋತಾಡುತ್ತಿದ್ದುದನ್ನು ಹಿರಿಯ ಓದುಗರು ನೋಡಿರಬಹುದು.

ಹಗ್ಗಕ್ಕೆ ತಳ್ಳುವುದು ಗೊತ್ತಿಲ್ಲ

ಗೋಡೆಯ ಮೇಲ್ಭಾಗದ ವೆಂಟಿಲೇಟರಿಗೂ ಮಾಡಿನ ಬೆಳಕಿಂಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಾಡಿನ ಮುಚ್ಚಳ ಒಳಕ್ಕೆ ತೆರೆದರೆ ಮಳೆನೀರು ನೇರವಾಗಿ ಒಳಗೆ ಇಳಿಯುತ್ತದೆ. ಆದ್ದರಿಂದ ಅದು ಹೊರಕ್ಕೆ, ಮೇಲಕ್ಕೆ ತೆರೆಯಬೇಕು. ಕೆಳಗೆ ನಿಂತವರು ಅದನ್ನು ತಳ್ಳಬೇಕು. ಆದರೆ ಹಗ್ಗಕ್ಕೆ ಎಳೆಯುವುದು ಗೊತ್ತು, ತಳ್ಳುವುದು ಗೊತ್ತಿಲ್ಲ. ಬೆಳಕಿಂಡಿಯ ತಂತ್ರವೆಲ್ಲ ಈ ಒಂದು ತೊಡಕನ್ನು ಬಿಡಿಸುವ ಪ್ರಯತ್ನ.

ಮೊದಲನೆಯ ಉಪಾಯ ಕೋಲು. ಅಡಿಕೆ, ತೆಂಗು, ಹಲಸು ಕೀಳುವ ದೋಟಿ ಮಲೆನಾಡಿನ ಯಾವ ಮನೆಯಲ್ಲೂ ಸಿಗುತ್ತದೆ. ಅದರ ತುದಿಯಿಂದ ಮುಚ್ಚಳವನ್ನು ಮೇಲಕ್ಕೆ ತಳ್ಳಿ, ಅಡ್ಡಪಟ್ಟಿಯ ಹಲ್ಲಿಗೆ ಸಿಕ್ಕಿಸಬಹುದು. ಮುಚ್ಚುವಾಗ ಕೊಕ್ಕೆಯಿಂದ ಎಳೆಯಬಹುದು. ಕೋಲಿಗೆ ತಳ್ಳುವುದೂ ಗೊತ್ತು, ಎಳೆಯುವುದೂ ಗೊತ್ತು. ಕೆಡುವ ಭಾಗವೇ ಇಲ್ಲ. ತೊಂದರೆಯೆಂದರೆ ಭಾರ, ಹದಿನಾಲ್ಕು ಅಡಿ ಗಳವನ್ನು ತಲೆಯ ಮೇಲೆ ಎತ್ತಿ ಹಿಡಿದು ಗುರಿ ನೋಡಲು ವಯಸ್ಸಾದವರ ತೋಳಿಗೆ ಆಗುವುದಿಲ್ಲ.

ಎರಡನೆಯದು ಏತದ ಉಪಾಯ. ಮುಚ್ಚಳದ ಕೀಲನ್ನು ಮಾಡಿನ ನೆತ್ತಿಯ ಕಡೆಯ ಅಂಚಿಗೆ ಇಟ್ಟು, ಮುಚ್ಚಳಕ್ಕೆ ಜಡಿದ ಮರದ ಪಟ್ಟಿಯನ್ನು ಕೀಲಿನಿಂದಾಚೆಗೆ ಒಳಗಡೆ ಒಂದೆರಡು ಅಡಿ ಬೆಳೆಸುವುದು. ಆ ಪಟ್ಟಿಯ ತುದಿಗೆ ಹಗ್ಗ. ಹಗ್ಗ ಎಳೆದರೆ ಒಳಗಿನ ತುದಿ ಕೆಳಗಿಳಿಯುತ್ತದೆ, ಹೊರಗಿನ ಮುಚ್ಚಳ ಮೇಲೇಳುತ್ತದೆ. ಬಿಟ್ಟರೆ ತನ್ನ ಭಾರಕ್ಕೆ ತಾನೇ ಮುಚ್ಚುತ್ತದೆ. ಬಾವಿಯಿಂದ ನೀರೆತ್ತುವ ಏತದ ಲೆಕ್ಕವೇ ಇಲ್ಲಿ ಮಾಡಿಗೆ ಏರಿದೆ. ನಮ್ಮ ಮನೆಯ ಮುಚ್ಚಳವೂ ಈ ಬಗೆಯದೇ. ಅದನ್ನು ಮಾಡಿದ ಆಚಾರಿ ಓದಿದವನಲ್ಲ, ಆದರೆ ಹಗ್ಗದ ಗುಣ ಬಲ್ಲವನು. ಹಗ್ಗ ಹರಿದರೂ ಕಿಂಡಿ ಮುಚ್ಚಿಯೇ ಇರುತ್ತದೆ, ಮಳೆ ಒಳಗೆ ಬರುವುದಿಲ್ಲ ಎಂಬುದು ಅವನ ಎಣಿಕೆ. ಹಗ್ಗ ಬದಲಿಸಲು ಒಳಗಿನಿಂದ ದಾರಿ ಇಡಬೇಕೆಂಬುದೊಂದು ಮಾತ್ರ ಅವನಿಗಾಗಲಿ, ಕಟ್ಟಿಸಿದವರಿಗಾಗಲಿ ಹೊಳೆಯಲಿಲ್ಲ. ಅದರ ಬೆಲೆಯನ್ನು ಚಿಕ್ಕಪ್ಪ ತೆತ್ತರು.

ಮೂರನೆಯದು ಯಂತ್ರದ ಉಪಾಯ. 1851ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿಸಿದ ಸ್ಫಟಿಕ ಅರಮನೆಯಲ್ಲಿ ಗಾಳಿಪಟ್ಟಿಗಳನ್ನು ಗುಂಪುಗುಂಪಾಗಿ ಒಂದೇ ಕಡೆಯಿಂದ ತೆರೆಯುವ ವ್ಯವಸ್ಥೆಯಿತ್ತು. ಏಣಿ ಹತ್ತದೆ ಎತ್ತರದ ಕಿಂಡಿಯನ್ನು ಆಳುವ ವಿದ್ಯೆ ಬೆಳೆದದ್ದು ಇಂಥ ಗಾಜಿನ ಮನೆಗಳಲ್ಲಿ. ಅಲ್ಲಿನ ಗಿಡಗಳಿಗೆ ಹೊತ್ತುಹೊತ್ತಿಗೆ ಗಾಳಿ ಬೇಕು. ಆ ಅರಮನೆಯನ್ನು ನೆನಪಿಸುವ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿತ್ತು. ಮುಂದೆ 1940ರ ದಶಕದಲ್ಲಿ ಡೆನ್ಮಾರ್ಕಿನ ವಿಲ್ಲುಮ್ ಕಾನ್ ರಾಸ್ಮುಸೆನ್ ಎಂಬ ಎಂಜಿನಿಯರು ಇಳಿಜಾರು ಮಾಡಿನ ಕಿಟಕಿಯನ್ನು ಮನೆಬಳಕೆಯ ವಸ್ತುವಾಗಿಸಿದ. ಇಂಥ ಕಿಟಕಿಗಳಲ್ಲಿ ಹೆಚ್ಚು ನಡೆದುಬಂದ ಬಗೆಗೆ ಕೀಲು ಅಂಚಿನಲ್ಲಲ್ಲ, ನಡುವಿನಲ್ಲಿ. ಮೇಲಿನ ಅರ್ಧ ಒಳಕ್ಕೆ ಬಂದರೆ ಕೆಳಗಿನ ಅರ್ಧ ಹೊರಕ್ಕೆ ಹೋಗುತ್ತದೆ. ಭಾರ ಎರಡೂ ಕಡೆ ಸಮವಾದ್ದರಿಂದ ಬೆರಳಿನ ಬಲ ಸಾಕು. ಇನ್ನೂ ಒಂದು ಲಾಭವೆಂದರೆ, ಪೂರ್ತಿ ತಿರುಗಿಸಿದರೆ ಹೊರಗಿನ ಗಾಜನ್ನು ಒಳಗೆ ನಿಂತೇ ಒರೆಸಬಹುದು. ಮಾಡು ಹತ್ತುವ ಅಗತ್ಯವನ್ನೇ ಇಲ್ಲವಾಗಿಸಿದ್ದು ಈ ಕಿಟಕಿಯ ನಿಜವಾದ ಹಿರಿಮೆ.

ಬಲ್ಬು ಬಂದ ಮೇಲೆ

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಘಟ್ಟದ ಮನೆಗಳಿಗೆ ಅದು ತಲುಪಲು ಇನ್ನೂ ಅನೇಕ ದಶಕಗಳು ಬೇಕಾದವು. 1978-79ರಲ್ಲಿ ಕರ್ನಾಟಕ ಸರಕಾರ ಆರಂಭಿಸಿದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ಬಲ್ಬು ಬಂತು. ಸಾವಿರಾರು ಮನೆಗಳ ಮಟ್ಟಿಗೆ ಅದೊಂದು ಕ್ರಾಂತಿಯೇ.

ಬಲ್ಬು ಬಂದ ಮೇಲೆ ಬೆಳಕಿಂಡಿ ಹಿಂದೆ ಸರಿಯಿತು. ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸಿದಾಗ ಗಾಜಿನ ಹಂಚುಗಳು ಅಟ್ಟದ ಪಾಲಾದವು. ಹಂಚು ಹೋಗಿ ಕಾಂಕ್ರೀಟು ಬಂದಾಗ ಕಿಂಡಿ ಬಿಡುವ ಯೋಚನೆಯನ್ನೇ ಜನ ಬಿಟ್ಟರು. ಮಂಗಳೂರಿನ ಹಂಚಿನ ಕಾರ್ಖಾನೆಗಳೂ ಒಂದೊಂದಾಗಿ ಬಾಗಿಲು ಹಾಕಿ ಕೆಲವಷ್ಟೇ ಉಳಿದವು. ಹೊಗೆಯ ಸಮಸ್ಯೆಗೆ ಬೇರೆ ದಾರಿಗಳು ಬಂದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯಲ್ಲಿ ಹಿಡಿದು ನೇರವಾಗಿ ಮಾಡಿನಾಚೆ ಕಳಿಸಿತು. ಕೊನೆಗೆ ಅಡುಗೆ ಅನಿಲ ಬಂತು.

ಹಾಗಾದರೆ ಬೆಳಕಿಂಡಿಯ ಕತೆ ಮುಗಿಯಿತೆ? 2019ರ ಆಗಸ್ಟಿನಲ್ಲಿ ಈ ಸೀಮೆಯಲ್ಲಿ ಗುಡ್ಡಗಳು ಕುಸಿದವು, ಮನೆ ತೋಟಗಳು ಹೋದವು, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಮರ ಬಿದ್ದು ತಂತಿ ಹರಿದರೆ ಇಲ್ಲಿ ವಿದ್ಯುತ್ತು ದಿನಗಟ್ಟಲೆ ಇರುವುದಿಲ್ಲ. ಅಂಥ ದಿನಗಳಲ್ಲಿ ಹಗಲು ಹನ್ನೆರಡಕ್ಕೆ ಮೇಣದ ಬತ್ತಿ ಹಚ್ಚಿಕೊಂಡು ಕುಳಿತ ಕಾಂಕ್ರೀಟು ಮನೆಗಳ ಪಕ್ಕದಲ್ಲೇ, ಎರಡು ಗಾಜಿನ ಹಂಚಿನ ಹಳೆಯ ಮನೆಯಲ್ಲಿ ಅಜ್ಜಿಯೊಬ್ಬಳು ಬೆಳಕಿನಲ್ಲಿ ಅಕ್ಕಿ ಆರಿಸುತ್ತಿರುತ್ತಾಳೆ. ದೂರದ ಬ್ರೆಜಿಲ್ ದೇಶದಲ್ಲಿಯೂ ವಿದ್ಯುತ್ತು ಕೈಕೊಟ್ಟಾಗಲೇ ಹೊಸ ಬೆಳಕಿಂಡಿ ಹುಟ್ಟಿದ್ದು. ಅಲ್ಲಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಪ್ಲಾಸ್ಟಿಕ್ ಬಾಟಲಿಗೆ ನೀರು ಮತ್ತು ಸ್ವಲ್ಪ ಬ್ಲೀಚು ತುಂಬಿ ತಗಡಿನ ಮಾಡಿನಲ್ಲಿ ಸಿಕ್ಕಿಸಿದ. ನೀರು ಬಿಸಿಲನ್ನು ಮುರಿದು ಕೋಣೆಯ ತುಂಬ ಹರಡುತ್ತದೆ, ಬ್ಲೀಚು ಪಾಚಿ ಬೆಳೆಯದಂತೆ ತಡೆಯುತ್ತದೆ. ಅನೇಕ ದೇಶಗಳ ಬಡವರ ಮನೆಗಳಿಗೆ ಈ ಬಾಟಲಿ ದೀಪ ಹರಡಿದೆ.

ಈಗ ನಮ್ಮ ಕಡೆ ಹೋಂಸ್ಟೇಗಳಲ್ಲಿ, ಹೊಸ ಮನೆಗಳಲ್ಲಿ ಬೆಳಕಿಂಡಿ ಮತ್ತೆ ಬರುತ್ತಿದೆ. ಸಂತೋಷದ ಸಂಗತಿ. ಆದರೆ ಅನೇಕ ಕಡೆ ಹಳೆಯ ತಪ್ಪೇ ಮರಳುತ್ತಿದೆ. ಮೆಟ್ಟಿಲ ಬಾವಿಯ ಮೇಲೆ ಇಪ್ಪತ್ತು ಅಡಿ ಎತ್ತರದಲ್ಲಿ ಚೆಂದದ ಗಾಜು. ಅದನ್ನು ತೆರೆಯುವುದು ಹೇಗೆ, ಒರೆಸುವುದು ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಚರಿತ್ರೆಯಿಂದ ಕಲಿಯಬಹುದಾದದ್ದು ಇಷ್ಟೇ: ತೂತಿಗೆ ಮೊದಲು ಹಿಡಿಕೆಯನ್ನು ಯೋಚಿಸಬೇಕು. ಹಗ್ಗವೋ, ಕೋಲೋ, ತಿರುಗಿಸುವ ಸರಳೋ, ಮೋಟಾರೋ, ಅದರ ಕೆಳತುದಿ ಮನೆಯ ಅತ್ಯಂತ ಕುಳ್ಳಗಿನ, ಅತ್ಯಂತ ವಯಸ್ಸಾದ ವ್ಯಕ್ತಿಯ ಕೈಗೆ ಸಿಗಬೇಕು. ಮೋಟಾರಿದ್ದರೆ ವಿದ್ಯುತ್ತಿಲ್ಲದಾಗ ಕೈಯಲ್ಲಿ ತೆರೆಯುವ ಏರ್ಪಾಡೂ ಇರಬೇಕು. ಹಗ್ಗ, ಕೀಲು, ರಾಟೆಗಳನ್ನು ವೈಶಾಖದಲ್ಲೇ ನೋಡಿ ಎಣ್ಣೆ ಹಾಕಬೇಕು. ಹಗ್ಗವನ್ನು ಒಳಗಿನಿಂದಲೇ ಬದಲಿಸುವಂತಿರಬೇಕು. ಒದ್ದೆ ಹಂಚಿನ ಮೇಲೆ ಯಾರೂ ಯಾವ ಕಾರಣಕ್ಕೂ ಹತ್ತಬಾರದು. ಎರಡು ದಿನದ ಹೊಗೆ ಒಂದು ಜನ್ಮದ ಊರುಗೋಲಿಗಿಂತ ಮೇಲು.

ಚಿಕ್ಕಪ್ಪ ಬಿದ್ದ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಗೆ ಅದೇ ಆಚಾರಿ ಬಂದ. ಅಟ್ಟದಿಂದ ಬೆಳಕಿಂಡಿಯವರೆಗೆ ಒಂದು ಹಲಗೆಯ ದಾರಿ ಮಾಡಿದ. ಹಗ್ಗದ ಬದಲು ತೆಳುವಾದ ಸರಪಳಿ ಹಾಕಿದ. ಮೊದಲಿನ ಗೂಟ ಗಂಡಸರ ಎದೆಯೆತ್ತರದಲ್ಲಿತ್ತು; ಅಜ್ಜಿ ತುದಿಗಾಲಲ್ಲಿ ನಿಂತು ಹಗ್ಗ ಸುತ್ತುತ್ತಿದ್ದುದನ್ನು ಅಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಆಚಾರಿ ಅಜ್ಜಿಯನ್ನು ಕರೆದು ಗೋಡೆಯ ಪಕ್ಕ ನಿಲ್ಲಿಸಿ, ಕೈ ಚಾಚಲು ಹೇಳಿ, ಬೆರಳು ಮುಟ್ಟಿದಲ್ಲಿ ಇದ್ದಿಲಿನಿಂದ ಗುರುತು ಹಾಕಿಕೊಂಡ. ಹೊಸ ಗೂಟ ಅಲ್ಲಿಗೇ ಬಂತು. ಆ ಮನೆಯಲ್ಲಿ ಈಗ ಒಲೆಯಿಲ್ಲ, ಗ್ಯಾಸು ಇದೆ. ಗೂಟ ಮಾತ್ರ ಇನ್ನೂ ಅಜ್ಜಿಯ ಎತ್ತರದಲ್ಲೇ ಇದೆ.